ಎರಡನೇ ದನಿ

ಮೈಕು ಬಾಯಿಗಿ ಎಟಕಂಗಿಲ್ಲಂತ
ಡಾಲ್ಡಾ ಡಬ್ಬಿ ಬೋರಲ ಹಾಕಿ ನಿಲ್ಲಿಸತಿದ್ದ ಅಪ್ಪ.
ಏಳು ವರ್ಷದಾಕಿ ನಾನು, ಗುಲಾಬಿ ಫ್ರಾಕು.
ಪೋಸ್ಟರಿನ ಮ್ಯಾಗ: ಬೇಬಿ ತಬಿತಾ, ಮಂಗಲಪೇಟ, ಬೀದರ.
ಹುಮನಾಬಾದಿನ ಕನ್ವೆನ್ಷನ್, ಜಹೀರಾಬಾದಿನ ಪೆಂಡಾಲ,
ರಾತ್ರಿ ಬಸ್ಸಿನಾಗ ಹಾರ್ಮೋನಿಯಂ ಪೆಟಗಿ ಮ್ಯಾಗ ನನ್ನ ನಿದ್ದಿ.

ಕಣ್ಣೀರಿನ ಕಣಿವಿ ದಾಟಿಸೋ ಅಂತ ಎಳೆದರ
ಮುಂದಿನ ಸಾಲಿನ ಹೆಂಗಸರು ಬಾಯಿಗಿ ಸೆರಗು ಒತ್ತಕೋತಿದ್ದರು.
ಇಷ್ಟೇ ಇಷ್ಟು ಕೂಸಿಗಿ ಎಂಥಾ ಆತ್ಮ ಕೊಟ್ಟಾನ ನೋಡ್ರಿ,
ಅಂತಿದ್ದರು ಪಾಸ್ಟರು.
ನಾ ಕಣಿವಿ ನೋಡಿದಾಕಿ ಅಲ್ಲ. ನಮ್ಮ ಓಣಿ ಅಂದ್ರ ಸಪಾಟ ಕೆಂಪು ಕಲ್ಲು.
ನನ್ನ ಲಕ್ಷ್ಯ ಎಲ್ಲಾ
ಹಾಡು ಮುಗಿದ ಮ್ಯಾಗ ಕೊಡೋ ಖಾರಿ ಬಿಸ್ಕೀಟಿನ ಕಡಿಗಿ.

ಆ ದನಿ ಒಡಿಯೂದು, ಮಂದೀನ ಅಳಸೂದು,
ಅದು ಕಳುವಿಂದು.
ಸಣ್ಣ ಕಾಕಾ ಸತ್ತ ದಿನ ಆಯಿ ಅತ್ತಿದ್ದಳು,
ಅವನ ಹೆಸರಿನ ನಡುವ ದನಿ ಕಡಿದು
ಮತ್ತ ಕೆಳಗಿಂದ ಎತ್ತಕೊಂಡು.
ಕಂಬದ ಹಿಂದ ನಿಂತು ಕೇಳಿದ್ದೆ.
ಎಲ್ಲಿ ಕಡೀಬೇಕು, ಎಷ್ಟೊತ್ತು ಸುಮ್ಮ ಬಿಡಬೇಕು, ಬರೋಬ್ಬರಿ ಕಲತಿದ್ದೆ.
ಆಯಿಗಿ ಹೇಳಲಿಲ್ಲ.
ಆಕೀನೂ ಮುಂದಿನ ಸಾಲಿನಾಗೇ ಕುಂದರತಿದ್ದಳು.

ಕ್ಯಾಸೆಟ್ಟು ಆಯ್ತು. ಚೌಬಾರಾದ ಹತ್ತಿರ ಒಂದು ಅಂಗಡಿ ಅಟ್ಟದಾಗ,
ಗ್ವಾಡಿಗಿ ಗೋಣಿಚೀಲ ಹೊಡದು.
ಹಾಡಿನ ನಡುವ ಏರ್‌ಫೋರ್ಸಿನ ವಿಮಾನ ಬಂದರ ಮತ್ತ ಮೊದಲಿಂದ.
ಮೂರನೇ ಹಾಡಿನಾಗ ವಿಮಾನ ಹಂಗೇ ಉಳಕೊಂಡದ:
ರೀಲು ಮುಗಿದಿತ್ತು, ಅಪ್ಪನ ರೊಕ್ಕನೂ.

ಹದಿಮೂರಕ್ಕ ದನಿ ದಪ್ಪಾಯ್ತು.
ಫ್ರಾಕಿನ ಅಂಚು ಎರಡು ಸಲ ಬಿಚ್ಚಿ ಹೊಲಿದರು,
ಪೋಸ್ಟರಿನಾಗ ಇನ್ನಾ ಬೇಬಿ.
ಔರಾದದಾಗ ಯಾರೋ ನಕ್ಕರು. ಅಷ್ಟೇ.
ಮುಂದಿನ ವರ್ಷ ಡಬ್ಬಿ ಮ್ಯಾಗ ಬ್ಯಾರೆ ಕೂಸು ನಿಂತಿತ್ತು.
ಚಲೋನೇ ಹಾಡ್ತಿತ್ತು.

ಹದಿನಾರು ವರ್ಷ ಮಿಷನ್ ದವಾಖಾನಿಯಾಗ ಚೀಟಿ ಬರದೆ.
ಹೆಸರು, ವಯಸ್ಸು, ಊರು.
ಒಬ್ಬಾಕಿ ಮುಖ ನೋಡಿ, ನಿಮ್ಮ ತಂಗಿ ಹಾಡ್ತಿದ್ದಳಲ್ಲ, ಅಂದಳು.
ಹೌದು, ಅಂದೆ.

ಸಾಲೋಮನ ಮಾಸ್ತರು ಕರದಾಗ ನಾಲ್ಕು ಮಂದಿ ಹೆಂಗಸರು, ಎರಡು ಮೈಕು,
ಒಂದೇ ತಾನಿನ ನೀಲಿ ಸೀರಿ.
ನನಗ ಎರಡನೇ ದನಿ.
ಅಂದ್ರ ಹಾಡಲ್ಲ, ಹಾಡಿನ ಕೆಳಗಿಂದು;
ಮನ್ಯಾಗ ಒಬ್ಬಾಕಿನೇ ಹಾಡಿದರ
ಯಾವ ಹಾಡಂತ ಮಕ್ಕಳಿಗಿ ಗುರ್ತು ಹತ್ತಂಗಿಲ್ಲ.
ಮೊದಲ ದಿನ ಪೂರಾ ಬಿಟ್ಟು ಹಾಡಿದೆ.
ತಬಿತಾ, ಒಂದು ಹೆಜ್ಜಿ ಹಿಂದ, ಅಂದರು.
ಮತ್ತೊಂದು.
ಬೆನ್ನಿಗಿ ಗ್ವಾಡಿ ಹತ್ತಿತು.

ಆಮ್ಯಾಗ ಕಲಿಸಿದ್ದು ಉಸಿರು.
ಮಾರ್ಥಮ್ಮ ಉಸಿರು ತಗೊಂಬಾಗ ನಾ ತಗೋಬಾರದು,
ದೋರ್ಕಸ ತಗೊಂಬಾಗ ಶೀಲವಂತಿ ಹಿಡೀಬೇಕು.
ಕೇಳೋರಿಗಿ ಅನಸಬೇಕು, ಈ ಹೆಂಗಸರಿಗಿ ಉಸಿರೇ ಬ್ಯಾಡಂತ.
ಮಾರ್ಥಮ್ಮನ ಮಗ ತೀರಿಕೊಂಡ ವರ್ಷ, ಕ್ರಿಸ್ಮಸ್ಸಿನಾಗ,
ಆಕಿ ಬಾಯಿ ತೆರದು ನಿಂತಳು. ದನಿ ಬರಲಿಲ್ಲ.
ಮೂವರು ಹೊತಗೊಂಡು ದಾಟಿಸಿದಿವಿ.
ಆವತ್ತ ನನ್ನ ಗಂಟಲು ತಾನೇ ಕಡೀತು, ಕಲತದ್ದಲ್ಲ.
ಯಾರಿಗೂ ಕೇಳಿಸಲಿಲ್ಲ. ಕೇಳಿಸಬಾರದಿತ್ತು.

ಮೊನ್ನಿ ಭಾಲ್ಕಿಯ ಡ್ರೈವರ್ ಒಬ್ಬಾವ ಕ್ಯಾಸೆಟ್ಟು ತಂದುಕೊಟ್ಟ,
ಅವರವ್ವನ ಟ್ರಂಕಿನಾಗ ಸಿಕ್ಕಿತಂತ.
ಇದು ನೀವೇ ಏನ್ರಿ?
ಹಳೀ ಟೇಪಿನಾಗ ಹಾಕಿ ರೊಟ್ಟಿ ಬಡೀಲಿಕ್ಕ ಕುಂತೆ.
ಕೂಸು ಹಾಡ್ತು. ಕಣಿವಿ ಬಂತು.
ಆಯಿ ಕಡಿದ ಜಾಗಾದಾಗೇ ಕಡೀತು.
ನನಗ ತಿಳೀಲಾರದೇ ನನ್ನ ಬಾಯಿ ಎರಡನೇ ದನಿ ಹಿಡಿದಿತ್ತು
ಆ ಕೂಸಿನ ಕೆಳಗ.
ವಿಮಾನ ಬಂತು, ಟೇಪಿನಾಗೋ ಮುಗಿಲಿನಾಗೋ.
ಹಂಚಿನ ಮ್ಯಾಗ ರೊಟ್ಟಿ ಸೀಯಲಿಕ್ಕ ಹತ್ತಿತು.
ಕೂಸು ಉಸಿರಿಗಿ ನಿಂತಿತು.
ನಾ ನಿಂದರಲಿಲ್ಲ.